ಓದುವವರ ಪಾಲಿನ ಬೀಡಿ

ಆಗ ನನಗೆ ಮೂವತ್ತನಾಲ್ಕು. ನಲವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಮೊಮ್ಮಗಳು ಅಟ್ಟದಿಂದ ನನ್ನ ಬೀಡಿ ಮೊರ ಇಳಿಸಿ ಮೂಗು ಮುಚ್ಚಿಕೊಂಡಳು. ಹೊಗೆಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ. ನನಗೆ ಮಾಷ್ಟ್ರ ನೆನಪಾಯಿತು. ಒಳ್ಳೆಯ ನೆನಪಲ್ಲ.

ಸೀತಾಂಗೋಳಿಯ ಹತ್ತಿರ ನಮ್ಮ ಬೀಡಿ ಶೆಡ್ಡು. ನಾವು ಕಟ್ಟುತ್ತ ಕೂತರೆ ಒಬ್ಬರು ಪೇಪರು, ಕಾದಂಬರಿ ಗಟ್ಟಿಯಾಗಿ ಓದಬೇಕು. ಓದುವವರಿಗೆ ಆ ದಿನದ ಕೂಲಿ ತಪ್ಪಬಾರದೆಂದು ಅವರ ಪಾಲಿನ ಬೀಡಿಯನ್ನು ನಾವೆಲ್ಲ ಹಂಚಿಕೊಂಡು ಕಟ್ಟಬೇಕು. ಅದು ಅಲ್ಲಿನ ಕ್ರಮ. ನಮ್ಮ ಓದುವವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಸ್ವರ ಚೆನ್ನಾಗಿತ್ತು, ಇಂಗ್ಲಿಷು ಬರುತ್ತಿತ್ತು, ಅದಕ್ಕೇ ಮಾಷ್ಟ್ರು.

ಆ ಮಳೆಗಾಲ ಅವರು ಯಾವುದೋ ಪರದೇಶದ ಯುದ್ಧದ ಕತೆ ಓದಿದರು. ದನ ಮೇಯಿಸುತ್ತಿದ್ದವನನ್ನು ಸರಕಾರದವರು ಹಿಡಿದೊಯ್ದು ಕೈಗೆ ಕೋವಿ ಕೊಡುತ್ತಾರೆ. ಅವನಿಗೆ ಕೊಲ್ಲಲು ಮನಸ್ಸಿಲ್ಲ. ತನ್ನ ದನದ ಗಂಟೆಯೊಳಗೆ ಹುಲ್ಲು ತುರುಕಿ, ಶಬ್ದವಾಗದಂತೆ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಾನೆ... ಅಲ್ಲಿಗೆ ಬಂದಾಗ ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಾವೂ ಸೆರಗಿಗೆ ಮೂಗೊರೆಸಿಕೊಂಡೆವು. "ಇವ ನಮ್ಮವನೇ," ಎಂದರು ಮಾಷ್ಟ್ರು.

ಅದೇ ವಾರ ನನ್ನ ನೆರೆಮನೆಯ ಹುಡುಗ ಶೆಡ್ಡಿಗೆ ಬಂದ. ಅಪ್ಪನ ಹೊಡೆತಕ್ಕೆ ಹೆದರಿ ಮಿಲಿಟರಿಗೆ ಸೇರಿದವ, ರಜೆ ಮುಗಿದಿತ್ತು. ಕಾಲಲ್ಲಿ ಬೂಟಿನ ಹುಣ್ಣು, ಮೂಗಲ್ಲಿ ಸಿಂಬಳ.

"ಮಾಷ್ಟ್ರೇ, ನನ್ನನ್ನು ಬಿಟ್ಟುಬಿಡಿ ಅಂತ ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ. ನನಗೆ ಅಲ್ಲಿ ಆಗುವುದಿಲ್ಲ. ನಿದ್ರೆಯೇ ಬರುವುದಿಲ್ಲ."

ಮಾಷ್ಟ್ರು ಪುಸ್ತಕ ಕೆಳಗಿಡಲೂ ಇಲ್ಲ, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟುಕೊಂಡೇ ಹೇಳಿದರು. "ಥೂ, ಗಂಡಸಾ ನೀನು? ಓಡಿ ಬರ್ಲಿಕ್ಕೆ ನಾಚಿಕೆ ಇಲ್ವಾ? ಇವನಿಗೊಂದು ಸೀರೆ ಕೊಡಿ ಯಾರಾದ್ರೂ."

ಸೀರೆ ಉಟ್ಟ ನಾವೇ ನಕ್ಕೆವು. ಹುಡುಗ ನನ್ನ ಕಡೆ ನೋಡಿದ. "ಅಕ್ಕ, ನೀವಾದ್ರೂ ಹೇಳಿ."

"ಮೂರು ಹೊತ್ತು ಊಟ ಉಂಟಲ್ಲ ಮಾರಾಯ, ನಿನಗೆ ಎಂತ ಕಷ್ಟ?" ಎಂದೆ. ನಾನೂ ಆ ಶೆಡ್ಡಿನವಳೇ ತಾನೆ.

ಸಂಜೆಯ ಬಸ್ಸಿಗೆ ಹೋದ. ದೀಪಾವಳಿಗೆ ಮೊದಲು ಗಡಿಯಲ್ಲಿ ಗುಂಡು ತಗಲಿ ಸತ್ತ. ಪೇಪರಿನಲ್ಲಿ ಬಂದದ್ದನ್ನು ಮಾಷ್ಟ್ರೇ ಓದಿದರು. ಅದೇ ಸ್ವರ, ಅದೇ ಕನ್ನಡಕ ಒರೆಸುವುದು. "ನಮ್ಮವನೇ ಹೋದ," ಎಂದರು. ಹೆಂಗಸರು ಅತ್ತರು. ಸತ್ತ ಮೇಲೆ ಅವನು ಕತೆಗೆ ಲಾಯಕ್ಕಾದ, ಅಷ್ಟೇ.

ಮಾಷ್ಟ್ರು ಹೋದ ವರ್ಷ ತೀರಿಕೊಂಡರಂತೆ. ನನಗೆ ಎಂತದೂ ಆಗಲಿಲ್ಲ. ಹುಡುಗ ಇದ್ದಿದ್ದರೆ ಈಗ ಅರವತ್ತು. ಬೇಲಿಯ ಆಚೆ ನಿಂತು ಮಂಡಿನೋವಿನ ಸುದ್ದಿ ಹೇಳುತ್ತಿದ್ದ... ಅಲ್ಲಿ ಯಾರೂ ಇಲ್ಲ.

ಆಗ, ಪೇಪರಿನಲ್ಲಿ ಅವನ ಸುದ್ದಿ ಓದಿದ ಮರುದಿನ ಬೆಳಿಗ್ಗೆ, ನಾನು ಮಾಷ್ಟ್ರ ಪಾಲಿನ ಬೀಡಿ ಕಟ್ಟಲಿಲ್ಲ.

"ಎಂತಮ್ಮ, ನನ್ನದೆಲ್ಲಿ?" ಎಂದು ಕೇಳಿದರು.

"ಅರ್ಜಿ ಬರೆಯಲಿಕ್ಕೆ ನಿಮ್ಮ ಕೈ ಏಳಲಿಲ್ಲ. ಇದಕ್ಕಾದ್ರೂ ಏಳ್ತದಾ ನೋಡಿ," ಎಂದು ಎಲೆಯನ್ನೂ ನೂಲನ್ನೂ ಅವರ ಪುಸ್ತಕದ ಮೇಲಿಟ್ಟು ಬಂದು ಕೂತೆ.