ನೀರುಗಂಟಿ ನೋಡಿದ ನಕ್ಷೆ

ಕರಿಸಿದ್ದಯ್ಯ ಗದ್ದೆಗಳಿಗೆ ನಾಲೆಯ ನೀರು ಹಂಚುವ ನೀರುಗಂಟಿ. ಎದುರು ಬಂದವರ ಮುಖ ನೋಡಿದವನಲ್ಲ. ಅವನ ಕಣ್ಣು ಸದಾ ನೆಲದ ಮೇಲೆ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ, ಮಂಡ್ಯದ ಅಂಚಿನ ಎರಡು ಎಕರೆ ಗದ್ದೆಯನ್ನು ಹನ್ನೆರಡು ಸೈಟು ಮಾಡಲು ಯಾರೋ ಅರ್ಜಿ ಹಾಕಿದರು. ಜಾಗ ನೋಡಲು ಪುರಸಭೆಯ ಸಮಿತಿ ಬಂತು. ಬದುವಿನ ಮೇಲೆ ನಕ್ಷೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲಿಟ್ಟರು. ಯಾರೂ ಕರೆಯದಿದ್ದರೂ ಕರಿಸಿದ್ದಯ್ಯ ಬಂದು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದ.

“ಸ್ವಾಮಿ, ಇದ್ರಲ್ಲಿ ನೀರು ಎತ್ತಗೆ ಓಯ್ತದೆ?”

“ಇದಿನ್ನು ಗದ್ದೆಯಲ್ಲ ಕಣಯ್ಯ, ಮನೆ ಕಟ್ಟೋ ಜಾಗ,” ಎಂದರು ಓವರ್‌ಸಿಯರು.

“ಅದು ನೀರ್ಗೆ ಗೊತ್ತಾ?”

ಸಮಿತಿಯ ಅಧ್ಯಕ್ಷರಿಗೆ ಕುತೂಹಲ ಹುಟ್ಟಿತು. “ತೋರಿಸಯ್ಯ, ನೋಡೋಣ,” ಎಂದರು.

ಕರಿಸಿದ್ದಯ್ಯ ಗುದ್ದಲಿಯಿಂದ ಕಾಲುವೆಯ ಬಾಯಿ ಬಿಡಿಸಿದ. ನೀರು ಸೈಟುಗಳ ಗುರುತಿಗೆ ನೆಟ್ಟಿದ್ದ ಗೂಟಗಳನ್ನೆಲ್ಲ ದಾಟಿ ಹೋಗಿ, ಏಳನೇ ಸೈಟಿನಲ್ಲಿ ಪಾದ ಮುಳುಗುವಷ್ಟು ನಿಂತಿತು. ಎಲ್ಲರೂ ಅದನ್ನೇ ನೋಡುತ್ತ ನಿಂತರು. ಅಧ್ಯಕ್ಷರು ನಕ್ಷೆಯಲ್ಲಿ ಆ ಸೈಟನ್ನು ಹೊಡೆದುಹಾಕಿದರು.

“ನಾಳೆ ಕಚೇರಿಗೆ ಬಾರಯ್ಯ. ಇನ್ನೊಂದು ನಕ್ಷೆ ಬಂದಿದೆ, ನೋಡುವೆಯಂತೆ.”

ಕರಿಸಿದ್ದಯ್ಯ ಗುದ್ದಲಿಯನ್ನು ಹೆಗಲಿಗೇರಿಸಿದ.

“ನಕ್ಸೆ ಅಲ್ಲೇ ಇರ್ಲಿ ಬುಡಿ. ಗದ್ದೆ ಎಲ್ಲದೆ ಅಂತ ಏಳಿ, ಓಯ್ತೀನಿ.”