ಬೇಕೆಂದೇ ಖಾಲಿ ಬಿಟ್ಟ ಪುಟ

ನನ್ನ ತಂಗಿ ಕೆಲಸದಿಂದ ನಿವೃತ್ತಳಾದ ದಿನ ಕಂಪನಿಯವರು ಸಭೆ ಮಾಡಿ, ಕೈಗೊಂದು ಹೂಗುಚ್ಛ ತುರುಕಿ, "ಇಷ್ಟು ವರ್ಷ ನಮ್ಮ ಟೈಪಿಂಗ್ ಕೆಲಸವನ್ನು ಅಚ್ಚುಕಟ್ಟಾಗಿ ನೋಡಿಕೊಂಡವರು" ಎಂದು ಹೊಗಳಿದರು. ಟೈಪಿಂಗ್! ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಆ ಉರಿಗೆ ಸಭಾಂಗಣದ ಫ್ಯೂಸೇ ಹಾರಿಹೋಯಿತು. ಇದನ್ನು ಹೇಳಿದರೆ ನನ್ನ ಮೊಮ್ಮಗಳು "ತಾತ, ರೈಲು ಬಿಡಬೇಡ" ಅನ್ನುತ್ತಾಳೆ. ಅವಳಿಗೇನು ಗೊತ್ತು? ಆ ಕಟ್ಟಡದ ಎಲೆಕ್ಟ್ರಿಷಿಯನ್ ನಾನು. ಫ್ಯೂಸ್ ಯಾಕೆ ಹಾರಿತು ಎಂದು ಹೇಳುವ ಅಧಿಕಾರ ಇದ್ದದ್ದು ನನಗೊಬ್ಬನಿಗೇ.

ಅವಳು ಮಾಡಿದ್ದು ಟೈಪಿಂಗ್ ಅಲ್ಲ. ಏನು ಅಂತ ಹೇಳುತ್ತೇನೆ, ಕೇಳಿ.

ಆಗಿನ ಕಂಪ್ಯೂಟರ್ ಜೇಬಿಗೆ ಹೋಗುವಂಥದ್ದಲ್ಲ, ಬಟ್ಟೆಯ ಬೀರುವಿನಷ್ಟು ದೊಡ್ಡದು. ನಮ್ಮ ಕಂಪನಿ ಅದನ್ನೂ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮನ್ನೂ ಮಾಡಿ ಮಾರುತ್ತಿತ್ತು. ಕೊಂಡವರ ಕಡೆಯ ಪ್ರೋಗ್ರಾಮರುಗಳು ತಮಗೆ ಬೇಕಾದ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದರು. ಆದರೆ ಒಳಗಿನ ಡಿಸ್ಕನ್ನು ಅವರು ನೇರವಾಗಿ ಮುಟ್ಟುವ ಹಾಗಿಲ್ಲ. ಹೋಟೆಲಿಗೆ ಹೋದರೆ ನಾವು ಅಡುಗೆಮನೆಗೆ ನುಗ್ಗುತ್ತೇವೆಯೇ? ಕಿಟಕಿಯಲ್ಲಿ ನಿಂತು ಕೂಗಿ ಹೇಳಬೇಕು. ಹಾಗೆ ಕೂಗುವುದಕ್ಕೆ ಅವರ ಭಾಷೆಯಲ್ಲಿ ಸಿಸ್ಟಮ್ ಕಾಲ್ ಎಂದು ಹೆಸರು. ಫೈಲು ತೆರೆಯಲು ಒಂದು ಕಾಲ್, ಓದಲು ಒಂದು, ಅಳಿಸಲು ಇನ್ನೊಂದು. ಏನೆಂದು ಕೂಗಬೇಕು, ಜೊತೆಗೆ ಏನೇನು ಕೊಡಬೇಕು, ಒಳಗಿನಿಂದ ಏನು ಬರುತ್ತದೆ, ಬರದಿದ್ದರೆ ಏನೆಂದು ಬೈಯುತ್ತಾರೆ, ಇದನ್ನೆಲ್ಲ ಕಾಲ್‌ಗೊಂದು ಪುಟದ ಹಾಗೆ ಬರೆಯುವುದು ನನ್ನ ತಂಗಿಯ ಕೆಲಸ. ಅದಕ್ಕೇ ಅವಳಿಗೆ 'ಪುಟದಕ್ಕ' ಎಂಬ ಹೆಸರು ಬಿತ್ತು. ನನಗಿಂತ ಚಿಕ್ಕವಳು. ಆದರೂ ಆಫೀಸಿನಲ್ಲಿ ನಾನೂ ಪುಟದಕ್ಕ ಅಂತಲೇ ಕರೆಯುತ್ತಿದ್ದೆ. ಅಷ್ಟು ಭಯ.

ಇಂಜಿನಿಯರುಗಳು ಹೇಳಿದ್ದನ್ನು ಬರೆದುಕೊಂಡಿದ್ದರೆ ಅವಳ ಸಂಬಳಕ್ಕೇನೂ ಮೋಸವಿರಲಿಲ್ಲ. ಅವಳು ಬರೆದುಕೊಳ್ಳುತ್ತಿದ್ದಳು, ಆಮೇಲೆ ಅದನ್ನು ತಾನೇ ಮಾಡಿ ನೋಡುತ್ತಿದ್ದಳು. ಹೇಳಿದ್ದಕ್ಕೂ ನಡೆದದ್ದಕ್ಕೂ ಹೊಂದದಿದ್ದರೆ ಅದು ಪುಟದ ಕೊನೆಗೆ 'ದೋಷಗಳು' ಎಂಬ ತಲೆಬರಹದ ಕೆಳಗೆ ಹೋಗಿ ಕೂರುತ್ತಿತ್ತು. ಆ ಕೆಲಸದವರಲ್ಲಿ ಅದೊಂದು ಹಳೆಯ ಪದ್ಧತಿಯಂತೆ. ನನಗೆ ಬಹಳ ಹಿಡಿಸಿತ್ತು. ಹೆಣ್ಣು ನೋಡಲು ಹೋದಾಗ ನಮ್ಮ ಮನೆಯವರೂ ಹೀಗೇ ನನ್ನ ದೋಷಗಳನ್ನು ಓದಿ ಹೇಳಿದ್ದರೆ ನಾನು ಇವತ್ತಿಗೂ ಬ್ರಹ್ಮಚಾರಿ.

ಒಂದು ದಿನ ಅವಳಿದ್ದ ಮಹಡಿಗೆ ಮಹಡಿಯೇ ಕತ್ತಲಾಯಿತು. ಆ ಮಹಡಿಗೆ ಕಿಟಕಿಗಳಿಲ್ಲ. ಟಾರ್ಚ್ ಹಿಡಿದು ಓಡಿದೆ. ಗೋಡೆಯ ಮೇಲಿನ ದೊಡ್ಡ ಮೈನ್ ಸ್ವಿಚ್ಚಿನ ಹಿಡಿಯನ್ನು ಹಿಡಿದುಕೊಂಡು ನನ್ನ ತಂಗಿ ನಿಂತಿದ್ದಾಳೆ. ಸುತ್ತಲೂ ಕತ್ತಲಲ್ಲಿ ಜನ ಶಪಿಸುತ್ತಿದ್ದಾರೆ.

"ತಲೆ ಕೆಟ್ಟಿದ್ಯೇನೇ ನಿಂಗೆ?"

"ಕೂಗಾಡ್ಬೇಡ ಕಣಣ್ಣ. ಕರೆಂಟು ಹಾಕು, ತೋರಿಸ್ತೀನಿ."

ಫೈಲಿನ ಹೆಸರು ಬದಲಿಸಲು ಒಂದು ಕಾಲ್ ಇತ್ತು. ಅದು ಮೊದಲು ಹಳೆಯ ಹೆಸರನ್ನು ಅಳಿಸಿ, ಆಮೇಲೆ ಹೊಸ ಹೆಸರನ್ನು ಬರೆಯುತ್ತಿತ್ತು. ಆ ಎರಡರ ನಡುವೆ ಕರೆಂಟು ಹೋದರೆ ಫೈಲಿಗೆ ಹಳೆಯ ಹೆಸರೂ ಇಲ್ಲ, ಹೊಸದೂ ಇಲ್ಲ. ಹಳೆ ಮನೆಯ ಬೀಗದ ಕೈ ಒಪ್ಪಿಸಿ, ಹೊಸ ಮನೆಯದು ಸಿಗದೆ, ಸಾಮಾನು ಸಮೇತ ಬೀದಿಯಲ್ಲಿ ನಿಂತ ಸಂಸಾರದ ಹಾಗೆ. ಡಿಸ್ಕಿನಲ್ಲಿ ಫೈಲು ಪೂರ್ತಿ ಇರುತ್ತದೆ, ಆದರೆ ಏನೆಂದು ಕರೆಯುವುದು? ಇದು ಖಚಿತವಾಗುವ ತನಕ ಅವಳು ಆ ಸ್ವಿಚ್ಚನ್ನು ಎಳೆದು ಎಳೆದು, ಕೊನೆಗೆ ಬೀದಿಯ ದೀಪಗಳೂ ಅವಳನ್ನು ಕಂಡರೆ ಕಣ್ಣು ಮಿಟುಕಿಸುತ್ತಿದ್ದವು. ಮಹಡಿಯ ಜನ ಮಾತ್ರ ನನಗೆ ಚಹಾ ಕೊಡುವುದನ್ನೇ ನಿಲ್ಲಿಸಿದರು.

ಅವಳು ಪುಟದ ಕೊನೆಗೆ ಬರೆದಳು: "ದೋಷಗಳು: ಹೆಸರು ಬದಲಾಗುವ ನಡುವೆ ವಿದ್ಯುತ್ ಹೋದರೆ ಫೈಲು ಕಳೆದುಹೋಗುತ್ತದೆ. ಮೊದಲು ನಕಲು ಮಾಡಿಟ್ಟುಕೊಳ್ಳಿ." ಅಷ್ಟೇ.

ಆ ಕಾಲ್ ಮಾಡಿದ ಇಂಜಿನಿಯರನಿಗೆ ತೋರಿಸಿದಳು. ಅವನನ್ನು ಎಲ್ಲರೂ 'ಮುಂದಿನ್ಸಲ' ಎನ್ನುತ್ತಿದ್ದರು. ಏನು ಕೇಳಿದರೂ ಅವನ ಉತ್ತರ ಅದೊಂದೇ.

"ಹೌದಲ್ಲ! ಮುಂದಿನ್ಸಲ ಸರಿ ಮಾಡ್ಬಿಡ್ತೀನಿ ಪುಟದಕ್ಕ."

ದೋಷಗಳ ಈ ಸಾಲು ಮಾರಾಟ ವಿಭಾಗದ ಮುಖ್ಯಸ್ಥನ ಕಣ್ಣಿಗೆ ಬಿತ್ತು. ಸದಾ ಹಲ್ಲು ಬಿಟ್ಟುಕೊಂಡೇ ಇರುತ್ತಿದ್ದುದರಿಂದ ಅವನಿಗೆ ನಾವು ಇಟ್ಟ ಹೆಸರು 'ನಗುಮುಖ'.

"ಅಲ್ಲ ಪುಟದಕ್ಕ, ಬಟ್ಟೆ ಅಂಗಡಿಯವನು 'ಇಲ್ಲೊಂದು ತೂತಿದೆ ನೋಡಿ' ಅಂತ ಗಿರಾಕಿಗೆ ತೋರಿಸ್ತಾನೇನ್ರೀ? ಇದನ್ನ ತೆಗೆದುಬಿಡಿ."

"ನಾನು ಬಟ್ಟೆ ಮಾರ್ತಿಲ್ಲ ಸಾರ್, ಏಣಿ ಕೊಡ್ತಿದೀನಿ. ಯಾವ ಮೆಟ್ಟಿಲು ಸಡಿಲ ಅಂತ ಹತ್ತೋರಿಗೆ ಗೊತ್ತಿರ್ಬೇಕು."

"ಓದಿದೋರು ಹೆದರ್ಕೋತಾರೆ ಕಣ್ರೀ."

"ಹೆದರ್ಲಿ ಅಂತಾನೇ ಬರೆದಿರೋದು. ನೀವು ದೋಷ ತೆಗೆಸಿ, ಆವಾಗ ನಾನು ಸಾಲು ತೆಗೀತೀನಿ. ಅದಕ್ಕೆ ಮೊದ್ಲು ಅಲ್ಲ."

ಅವನು ನಕ್ಕ. ಆ ನಗುವಿಗೆ ಆಗಲೇ ಒಂದೇಟು ಬಿಟ್ಟಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಸ್ವಲ್ಪ ಸಮಯದಲ್ಲೇ ಭಾವನಿಗೆ, ಅಂದರೆ ಅವಳ ಗಂಡನಿಗೆ, ಹರ್ನಿಯಾ ಕಾಣಿಸಿಕೊಂಡಿತು. ಭಾವ ಸೀನುವುದಕ್ಕೂ ಹೆಂಡತಿ ಪಕ್ಕದಲ್ಲಿರಬೇಕು ಎನ್ನುವ ಆಸಾಮಿ. ಹೀಗಾಗಿ ಅವಳು ಉದ್ದದ ರಜೆ ಹಾಕಿದಳು. ಆಪರೇಷನ್ನಿಗೆ ಆಸ್ಪತ್ರೆಗೆ ಸೇರಿಸಿದ್ದಾಯಿತು, ರಕ್ತ ತೆಗೆದದ್ದಾಯಿತು. ಮರುದಿನ ಬೆಳಿಗ್ಗೆ ನಾನು ಊಟದ ಡಬ್ಬಿ ಹಿಡಿದು ಹೋದರೆ, ನರ್ಸಮ್ಮ ಮತ್ತೆ ಸೂಜಿ ಹಿಡಿದು ನಿಂತಿದ್ದಾಳೆ.

"ನಿನ್ನೆ ತಾನೇ ತಗೊಂಡ್ರಲ್ಲಮ್ಮ!" ಭಾವನ ಗೋಳು. "ಅಷ್ಟು ಬೇಗ ಖರ್ಚಾಗೋಯ್ತಾ?"

"ಏನ್ ಮಾಡೋದು ಸಾರ್. ಕಂಪ್ಯೂಟರಲ್ಲಿ ನಿನ್ನೆಯ ರಿಸಲ್ಟೆಲ್ಲ ಮಾಯ ಆಗ್ಬಿಟ್ಟಿದೆ. ಎಲ್ಲಾ ವಾರ್ಡಿಗೂ ಮತ್ತೆ ಚುಚ್ಚಬೇಕು."

ಭಾವನದೇನು ಬಿಡಿ. ಎದುರಿನ ವಾರ್ಡು ಮಕ್ಕಳದು. ಒಂದು ಮಗುವಿನ ಕೈಯಲ್ಲಿ ನರ ಸಿಗದೆ ಅಲ್ಲೊಮ್ಮೆ ಇಲ್ಲೊಮ್ಮೆ ಚುಚ್ಚುತ್ತಿದ್ದರು. ಅದರ ತಾಯಿ ಮುಖವನ್ನು ಗೋಡೆಗೆ ತಿರುಗಿಸಿ ನಿಂತಿದ್ದಳು. ನನ್ನ ತಂಗಿ ಸ್ವಲ್ಪ ಹೊತ್ತು ಆ ಅಳು ಕೇಳಿಸಿಕೊಂಡಳು. ಆಮೇಲೆ ನರ್ಸಮ್ಮನನ್ನು ಕೇಳಿದಳು: "ಯಾವ ಕಂಪನಿ ಕಂಪ್ಯೂಟರಮ್ಮ?"

ನಮ್ಮದೇ.

ಲ್ಯಾಬು ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕ. ನಾವು ಹೋದಾಗ ಲ್ಯಾಬಿನ ಮುಖ್ಯಸ್ಥ ಒಬ್ಬ ಹುಡುಗಿಯ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದ. ಆಸ್ಪತ್ರೆಯ ಪ್ರೋಗ್ರಾಮರ್ ಅವಳು, ಕೆಲಸಕ್ಕೆ ಹೊಸಬಳು. ಕಣ್ಣು ಕೆಂಪಾಗಿತ್ತು.

"ಕಂಪನಿಗೆ ಫೋನ್ ಮಾಡಿ ಕೇಳಿದೀನಿ. ಮ್ಯಾನುಯಲ್ಲಲ್ಲಿ ಇಂಥ ತೊಂದರೆ ಏನೂ ಹೇಳಿಲ್ಲ, ನಿಮ್ಮ ಪ್ರೋಗ್ರಾಮಿಂದೇ ತಪ್ಪು ಅಂದ್ರು. ಇನ್ನೇನ್ ಹೇಳ್ತೀಯ? ನಾಳೆಯಿಂದ ನೀನು ಬರೋದು ಬೇಡ."

ಪುಟದಕ್ಕ ನಡುವೆ ಬಾಯಿ ಹಾಕಿದಳು. "ದಿನಾ ಸಂಜೆ ಫೈಲಿನ ಹೆಸರು ಬದಲಿಸ್ತೀಯೇನಮ್ಮ?"

"ಹೌದು ಮೇಡಂ. 'ಇವತ್ತು' ಅನ್ನೋದನ್ನ 'ನಿನ್ನೆ' ಮಾಡ್ತೀನಿ. ಶಿಫ್ಟ್ ಬದಲಾಗೋ ಹೊತ್ತಿಗೆ."

ಅಷ್ಟರಲ್ಲಿ ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಗುರ್ ಎಂದವು. ಲ್ಯಾಬಿನ ದೀಪಗಳು ಒಮ್ಮೆ ಕುಗ್ಗಿ ಮತ್ತೆ ಬೆಳಗಿದವು. ನಾನು ಹುಡುಗಿಯ ಮುಖ ನೋಡಿದೆ.

"ಶಿಫ್ಟ್ ಬದಲಾಗೋವಾಗ ಈ ಯಂತ್ರಾನೂ ಶುರುವಾಗುತ್ತಾ ಪುಟ್ಟಿ?"

"ಹೌದು ಸಾರ್. ನಿನ್ನೆ ಪೂರ್ತಿ ಕರೆಂಟೇ ಹೋಯ್ತು. ಬಂದ್ಮೇಲೆ ಗೊತ್ತಾಗ್ದೆ ಅದೇ ಡಿಸ್ಕ್ ಮೇಲೆ ಕೆಲಸ ಮುಂದುವರಿಸಿಬಿಟ್ವಿ."

ಅಂದರೆ ಹೆಸರಿಲ್ಲದೆ ಉಳಿದಿದ್ದ ರಿಸಲ್ಟುಗಳ ಮೇಲೆ ಬೇರೆಯದು ಬರೆದು, ಇನ್ನು ಹುಡುಕಿದರೂ ಸಿಗದ ಹಾಗೆ ಆಗಿತ್ತು.

"ಆ ಕಾಲ್‌ನ ಪುಟ ತೋರಿಸಮ್ಮ," ಎಂದಳು ನನ್ನ ತಂಗಿ.

ಆಗ ಮ್ಯಾನುಯಲ್ ಎಂದರೆ ಬಿಡಿ ಹಾಳೆಗಳ ದಪ್ಪ ಫೋಲ್ಡರು. ಏನಾದರೂ ಬದಲಾದರೆ ಕಂಪನಿ ಬದಲಿ ಹಾಳೆ ಕಳಿಸುತ್ತಿತ್ತು. ಹಳೆಯದನ್ನು ತೆಗೆದು ಎಸೆದು, ಹೊಸದನ್ನು ಸಿಕ್ಕಿಸಬೇಕು. ಹಿಂದೆ ಮುಂದೆ ಎಲ್ಲಾದರೂ ಪುಟ ಬರಿದಾಗಿ ಉಳಿದರೆ, ಅಚ್ಚು ಬಿದ್ದಿಲ್ಲ ಎಂದು ಗಿರಾಕಿ ತಿಳಿಯದಿರಲಿ ಅಂತ ನಡುವೆ ಒಂದು ಸಾಲು ಹಾಕುತ್ತಿದ್ದರು: "ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ." ನಾನು ಯಾವಾಗಲೂ ತಮಾಷೆ ಮಾಡುತ್ತಿದ್ದೆ, ಖಾಲಿ ಅಂತ ಬರೆದ ಮೇಲೆ ಅದು ಖಾಲಿ ಹೇಗಾಯಿತೇ ಎಂದು.

ಹುಡುಗಿ ಫೋಲ್ಡರು ಬಿಚ್ಚಿದಳು. ಹೊಚ್ಚ ಹೊಸ ಬದಲಿ ಹಾಳೆ. ಮುಂದೆ ಕಾಲ್‌ನ ವಿವರ. ಹಾಳೆ ತಿರುಗಿಸಿದರೆ, 'ದೋಷಗಳು' ಇರಬೇಕಾದ ಬೆನ್ನಿನಲ್ಲಿ ಆ ಒಂದೇ ಸಾಲು.

"ಬೇಕೆಂದೇ," ಎಂದಳು ನನ್ನ ತಂಗಿ. ಇನ್ನೊಮ್ಮೆ ಓದಿದಳು. "ಬೇಕೆಂದೇ!"

ಅವಳು ರಜೆಯಲ್ಲಿದ್ದಾಗ ನಗುಮುಖ ತಾನೇ ಸಹಿ ಹಾಕಿ, ಹಾಳೆಯನ್ನು ಅಚ್ಚಿಗೆ ಕಳಿಸಿ, ಎಲ್ಲ ಗಿರಾಕಿಗಳಿಗೂ ಹಂಚಿಬಿಟ್ಟಿದ್ದ. ಆಮೇಲೆ ಫೋನಿನಲ್ಲಿ ಏನೂ ಗೊತ್ತಿಲ್ಲದವನ ಹಾಗೆ ಕೈ ತೊಳೆದುಕೊಂಡಿದ್ದ. ಮಗುವಿನ ಕೈಗೆ ಚುಚ್ಚಿದವನು ಯಾರು ಸ್ವಾಮಿ? ನರ್ಸಮ್ಮನೇ?

ಆ ಮಧ್ಯಾಹ್ನವೇ ಅವಳು ನಗುಮುಖನ ಕೋಣೆಗೆ ನುಗ್ಗಿದಳು. ಬಲ್ಬು ಬದಲಿಸುವ ನೆಪದಲ್ಲಿ ನಾನೂ ಏಣಿ ಸಮೇತ ನುಗ್ಗಿದೆ.

"ಆ ಸಾಲು ವಾಪಸ್ ಬರ್ಬೇಕು. ಆ ಹುಡುಗಿ ಕೆಲಸ ಹೋಗ್ತಿದೆ."

"ಪುಟದಕ್ಕ, ಸಮಾಧಾನ. ದೋಷ ಅನ್ನೋ ಪದಾನೇ ಇನ್ನು ನಮ್ಮ ಮ್ಯಾನುಯಲ್ಲಲ್ಲಿ ಬರಬಾರ್ದು ಅಂತ ತೀರ್ಮಾನ ಆಗಿದೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಸೆರಗು ಸಿಕ್ಕಿಸಿದರೆ ನಾನು ಏಣಿಯಿಂದ ಇಳಿಯುತ್ತೇನೆ. ಇಳಿದೆ.

"ಆಗ್ಲಿ ಸಾರ್, ಆ ಪದ ಬರಲ್ಲ. ಆದ್ರೆ ಖಾಲಿ ಪುಟ ಯಾಕೆ ಖಾಲಿ ಅಂತ ಸರಿಯಾಗಿ ಹೇಳ್ಬೇಕು ತಾನೇ?"

"ಖಾಲಿ ಪುಟಾನ ಏನ್ ಬೇಕಾದ್ರೂ ಮಾಡ್ಕೊಳ್ರೀ," ಎಂದು ನಗುಮುಖ ಧಾರಾಳವಾಗಿ ನಕ್ಕ.

ಹೊಸ ಬದಲಿ ಹಾಳೆ ಅವನ ಮೇಜಿಗೆ ಹೋಯಿತು. ಮುಂಭಾಗ ನೋಡಿ ಸಹಿ ಹಾಕಿದ. ಹಾಳೆಯ ಬೆನ್ನು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಬೆನ್ನಿನಲ್ಲಿ ಹೀಗಿತ್ತು: "ನಿಮಗೆ ತಿಳಿದಿರಲೇಬೇಕಾದ ಒಂದು ವಿಷಯ ಈ ಪುಟದಲ್ಲಿತ್ತು. ಅದನ್ನು ಬೇಕೆಂದೇ ತೆಗೆಯಲಾಗಿದೆ. ಏನೆಂದು ತಿಳಿಯಲು ಮಾರಾಟ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿ." ಕೆಳಗೆ ಅವನ ಮೇಜಿನ ನಂಬರು.

ಹಾಳೆಗಳು ತಲುಪಿದ ದಿನದಿಂದ ಆ ಫೋನು ಬಡಿದುಕೊಂಡ ಬಡಿತ ಇದೆಯಲ್ಲ, ರಿಸೀವರ್ ಕಾದು ಕಾದು ನಗುಮುಖನ ಕಿವಿ ಹಪ್ಪಳದ ಹಾಗೆ ಸುರುಟಿಕೊಂಡಿತು. ಇದು ರೈಲಲ್ಲ, ನಾನೇ ನೋಡಿದ್ದೇನೆ.

"ಏನಿಲ್ಲ ಸಾರ್, ಅಲ್ಲಿ ಏನೂ ಇರ್ಲಿಲ್ಲ," ಎನ್ನುತ್ತಿದ್ದ ಪಾಪ.

ಆ ಕಡೆಯವರು ಬಿಡುತ್ತಾರೆಯೇ? ಏನೂ ಇಲ್ಲದಿದ್ದರೆ ತೆಗೆದದ್ದೇನನ್ನು ಎಂದು ಕೇಳುತ್ತಿದ್ದರು. ಬ್ಯಾಂಕಿನವರು ಕೇಳಿದರು, ರೈಲ್ವೆಯವರು ಕೇಳಿದರು. ಕೊನೆಗೆ ಅವನೇ ಒಬ್ಬೊಬ್ಬರಿಗೂ "ಹೆಸರು ಬದಲಾಗುವ ನಡುವೆ ಕರೆಂಟು ಹೋದರೆ..." ಎಂದು ತನ್ನ ಬಾಯಿಯಿಂದಲೇ ಒಪ್ಪಿಸಬೇಕಾಯಿತು. ಮುಂದಿನ್ಸಲನ ಕೋಣೆಗೆ ಓಡಿದ. ಅವನು "ಮುಂದಿನ್..." ಎನ್ನುವಷ್ಟರಲ್ಲಿ ಮೇಜು ಗುದ್ದಿದ ಸದ್ದು ಮೂರು ಕೋಣೆ ಆಚೆ ನನಗೆ ಕೇಳಿಸಿತು. ಮುಂದಿನ್ಸಲ ತನ್ನ ಜೀವಮಾನದಲ್ಲೇ ಮೊದಲ ಸಲ ಒಂದು ಕೆಲಸವನ್ನು ಈ ಸಲವೇ ಮಾಡಿ ಮುಗಿಸಿದ.

ನಗುಮುಖ ಅವಳ ಮೇಜಿಗೆ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಸರಿ ಆಗಿದ್ಯಂತೆ. ನನ್ನ ನಂಬರಿರೋ ಆ ಸಾಲು ತೆಗೀರಿ."

"ಅಂತೆ?" ಎಂದಳು. "ಅಣ್ಣಾ, ಇವತ್ತು ನೀನೇ ಮೈನ್ ಎಳಿ."

ಎಳೆದೆ. ಹಾಕಿದೆ. ಮತ್ತೆ ಎಳೆದೆ. ಮಹಡಿಯ ಜನ ಈ ಸಲ ಶಪಿಸಲಿಲ್ಲ, ಕುರ್ಚಿಗಳನ್ನು ಅವಳ ಮೇಜಿನ ಹತ್ತಿರ ಎಳೆದುಕೊಂಡು ಕೂತರು. ಪ್ರತಿ ಸಲ ದೀಪ ಬಂದಾಗಲೂ ಪರದೆಯ ಮೇಲೆ ಫೈಲು ಇತ್ತು. ಒಮ್ಮೆ ಹಳೆಯ ಹೆಸರಲ್ಲಿ, ಒಮ್ಮೆ ಹೊಸ ಹೆಸರಲ್ಲಿ, ಆದರೆ ಇತ್ತು. ಮೂಲೆಯಲ್ಲಿ ನಿಂತಿದ್ದ ಮುಂದಿನ್ಸಲ ಬೆವರು ಒರೆಸಿಕೊಂಡ.

ಅವಳು ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡಳು. ಹಾಳೆಯ ಮೇಲೆ ಇಡಲಿಲ್ಲ.

"ಮೊದ್ಲು ಆ ಲ್ಯಾಬಿಗೆ ಫೋನ್ ಮಾಡಿ ಸಾರ್. ತಪ್ಪು ಆ ಹುಡುಗಿದಲ್ಲ, ನಮ್ದು, ಗೊತ್ತಿದ್ದೂ ಮುಚ್ಚಿಟ್ವಿ ಅಂತ ಅವಳ ಸಾಹೇಬ್ರಿಗೆ ಹೇಳಿ."

"ಅದು... ನೋಡೋಣ, ನಾಳೆ..."

ನಾನು ಮೈನ್ ಎಳೆದೆ. ಎಳಿ ಎಂದು ಈ ಸಲ ಯಾರೂ ಹೇಳಿರಲಿಲ್ಲ.

ಆಗಿನ ಫೋನಿಗೆ ಕಟ್ಟಡದ ಕರೆಂಟು ಬೇಕಾಗಿರಲಿಲ್ಲ. ಟಾರ್ಚಿನ ಬೆಳಕನ್ನು ನಂಬರುಗಳ ಮೇಲೆ ಬಿಟ್ಟು ನಿಂತೆ. ನಗುಮುಖ ಒಂದೊಂದೇ ನಂಬರು ತಿರುಗಿಸಿದ. "ತಪ್ಪು ನಮ್ಮದು" ಎನ್ನುವಾಗ ಅವನ ದನಿ ಇಳಿಯಿತು.

"ಕೇಳಿಸ್ಲಿಲ್ವಂತೆ ಸಾರ್," ಎಂದಳು ಪುಟದಕ್ಕ. "ಇನ್ನೊಂದ್ಸಲ ಹೇಳಿ."

ಹೇಳಿದ. ರಿಸೀವರ್ ಇಟ್ಟ ಸದ್ದು ಕೇಳಿದ ಮೇಲೆಯೇ ನಾನು ಮೈನ್ ಹಾಕಿದ್ದು. ದೀಪ ಬಂದಾಗ ನನ್ನ ತಂಗಿ ಆಗಲೇ ತಲೆ ತಗ್ಗಿಸಿ ಆ ಸಾಲನ್ನು ಹೊಡೆದುಹಾಕುತ್ತಿದ್ದಳು.