ಮೋಟೆಬೆನ್ನೂರಿನ ಏರಿನಲ್ಲಿ ಕೇಳಿದ ಉಸಿರು

ಗಿರಿಜಕ್ಕನವರೇ, ನಿಮ್ಮ ಕಾರಿನಲ್ಲಿ ಕೇಳಿಸುತ್ತಿದ್ದ ಆ ಉಸಿರು ನಿಮ್ಮ ಯಜಮಾನರದಲ್ಲ. ಅದು ನನ್ನ ಕೈತಪ್ಪಿನಿಂದ ಹುಟ್ಟಿದ್ದು. ಇದು ನನಗೆ ಅಂದೇ ಗೊತ್ತಿತ್ತು — ನೀವು ಎದುರಿಗೆ ನಿಂತು ಕೇಳಿದಾಗಲೂ ಗೊತ್ತಿತ್ತು — ಆದರೂ ಸುಳ್ಳು ಹೇಳಿದೆ.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳವು. ಟರ್ಬೊ ಇರುವ ಡೀಸೆಲ್ ಕಾರುಗಳು ನಮ್ಮ ಕಡೆ ಆಗಷ್ಟೇ ಬರತೊಡಗಿದ್ದವು. ಅವಕ್ಕೆ ಕಂಪ್ಯೂಟರ್ ಹಚ್ಚಿ ರೋಗ ಹೇಳುವವನು ರಾಣೇಬೆನ್ನೂರಿನಲ್ಲಿ ನಾನೊಬ್ಬನೇ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ನನಗೆಷ್ಟು ಆಸೆಯಿತ್ತೆಂದರೆ — ಇರಲಿ. ನಿಮ್ಮ ಯಜಮಾನರು ಶಿವಪುತ್ರಪ್ಪನವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ವರ್ಷಗಟ್ಟಲೆ ಧೂಳು ಕುಡಿದು ಅವರಿಗೆ ದಮ್ಮು ಹತ್ತಿತ್ತು. ಅವರ ನಂತರ ಅಂಗಡಿ ನಿಮ್ಮ ಕೈಗೆ ಬಂತು. ದಿನಾ ಬೆಳಿಗ್ಗೆ ಹಾವೇರಿಯಿಂದ ನೀವೇ ಕಾರು ನಡೆಸಿಕೊಂಡು ಹೋಗುತ್ತಿದ್ದಿರಿ. ನಿಮ್ಮ ಮೈದುನ ಬಸಣ್ಣನವರಿಗೆ ಅದು ಹಿಡಿಸುತ್ತಿರಲಿಲ್ಲ.

ಮೊದಲ ಸಲ ನೀವು ಬಂದದ್ದು ಸಣ್ಣ ದೂರಿಗೆ. ಗಾಡಿ ಎಳೆಯುತ್ತಿಲ್ಲ, ಮೀಟರಿನಲ್ಲಿ ಹಳದಿ ದೀಪ. ಕಂಪ್ಯೂಟರು ಗಾಳಿ ಅಳೆಯುವ ಸೆನ್ಸರಿನದೇ ತಪ್ಪೆಂದು ತೋರಿಸಿತು. ಫಿಲ್ಟರ್ ಡಬ್ಬಿ ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು. ಘಾಟಿಗೆ ಇಬ್ಬರೂ ಕೆಮ್ಮಿದೆವು. ಫಿಲ್ಟರ್ ಹರಿದಿತ್ತು, ಮೆಣಸಿನಕಾಯಿ ಧೂಳು ನುಗ್ಗಿ ಸೆನ್ಸರಿನ ಕೂದಲೆಳೆಯಂಥ ತಂತಿಗೆ ಮೆತ್ತಿಕೊಂಡಿತ್ತು. ತೊಳೆದೆ, ಹೊಸ ಫಿಲ್ಟರ್ ಹಾಕಿದೆ. ಧೂಳು ಮುಂದಕ್ಕೂ ಹೋಗಿದೆಯೇ ಎಂದು ನೋಡಲು ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪನ್ನೂ ಬಿಚ್ಚಿದೆ. ಅದು ಬಿಗಿದುಕೊಂಡಿತ್ತು. ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಏನೋ ಚುಚ್ಚಿದಂತಾಯಿತು — ಬಗ್ಗಿ ನೋಡಲಿಲ್ಲ.

ಎಂಟು ದಿನ ಬಿಟ್ಟು ನೀವು ಮತ್ತೆ ಬಂದಿರಿ. ಜೊತೆಗೆ ಬಸಣ್ಣನವರಿದ್ದರು. ಕುರ್ಚಿ ಹಾಕಿದರೂ ನೀವು ಕೂರಲಿಲ್ಲ.

"ಗಾಡ್ಯಾಗ ಅವರು ಉಸಿರಾಡಾಕತ್ತಾರ್ರಿ," ಎಂದಿರಿ, ಮೆಲ್ಲಗೆ.

ನಿಂತ ಗಾಡಿಯಲ್ಲಿ ನನಗೇನೂ ಕೇಳಿಸಲಿಲ್ಲ. ಕಂಪ್ಯೂಟರು ಮತ್ತೆ ಅದೇ ಸೆನ್ಸರಿನ ಹೆಸರು ಹೇಳಿತು. ಆ ದೂರನ್ನು ಅಳಿಸಿದೆ, ಮರಳಿ ಬರಲಿಲ್ಲ. ಬಸಣ್ಣನವರನ್ನು ಗ್ಯಾರೇಜಿನಲ್ಲೇ ಬಿಟ್ಟು ನಾವಿಬ್ಬರೂ ಹೊರಟೆವು. ನೀವು ನಡೆಸುತ್ತಿದ್ದಿರಿ, ನಾನು ಪಕ್ಕದಲ್ಲಿದ್ದೆ. ನಡುಮಧ್ಯಾಹ್ನ. ಗಾಜು ಏರಿಸಿತ್ತು. ಮೋಟೆಬೆನ್ನೂರು ದಾಟಿ ಏರು ಶುರುವಾದದ್ದೇ ತಡ — ಸುಂಯ್ ಎಂದು ಒಂದು ಸಣ್ಣ ಎಳೆ. ಅದು ಬೆಳೆಯಿತು. ನೀವು ಒತ್ತಿದಷ್ಟೂ ಅದು ಉದ್ದವಾಯಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಕಾಲು ತೆಗೆದಿರಿ. ತಟಕ್ಕನೆ ನಿಂತಿತು — ಕೆಮ್ಮಿಗೆ ಮುಂಚೆ ದಮ್ಮಿನವರ ಉಸಿರು ನಿಲ್ಲುತ್ತದಲ್ಲ, ಹಾಗೆ.

ಶಿವಪುತ್ರಪ್ಪನವರು ಎಷ್ಟೋ ಸಲ ನನ್ನ ಗ್ಯಾರೇಜಿನಲ್ಲಿ ಕೂತು ಹಾಗೆ ಉಸಿರೆಳೆದದ್ದನ್ನು ಕೇಳಿದ್ದೆ. ನನ್ನ ತೋಳಿನ ಕೂದಲು ಎದ್ದು ನಿಂತವು. ಹಿಂದಿನ ಸೀಟಿನ ಕಡೆ ಕತ್ತು ತಿರುಗಿಸಹೊರಟೆ.

"ಹಿಂದ ನೋಡಬ್ಯಾಡ್ರಿ," ಎಂದಿರಿ. "ನಾನೂ ನೋಡಂಗಿಲ್ಲ."

ಮರಳಿ ಬಂದೆವು. ಬಾನೆಟ್ ಎತ್ತಿ, ಹಿಂದಿನ ಸಲ ಬಿಚ್ಚಿದ್ದ ರಬ್ಬರ್ ಪೈಪಿನ ಅಡಿಗೆ ಬೆರಳಾಡಿಸಿದೆ. ಎಣ್ಣೆಯ ಪಸೆ ಹತ್ತಿತು. ಅದರ ನಡುವೆ ಒಂದು ಸೀಳು — ಉಗುರಿನಷ್ಟು, ನನ್ನ ಸ್ಕ್ರೂಡ್ರೈವರಿನ ತುದಿಯಷ್ಟೇ ಅಗಲ. ಗಾಡಿ ನಿಂತಾಗ ಅದು ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಟರ್ಬೊ ಗಾಳಿ ಒತ್ತಿದಾಗ ಬಾಯಿ ಬಿಡುತ್ತದೆ. ಗಾಳಿ ಸೋರಿ ಲೆಕ್ಕ ತಪ್ಪುತ್ತದೆ, ಕಂಪ್ಯೂಟರು ಪಾಪದ ಸೆನ್ಸರನ್ನು ದೂರುತ್ತದೆ. ಒಂದು ಪೈಪು ಬದಲಿಸಿದ್ದರೆ ಮುಗಿಯುತ್ತಿತ್ತು.

ತಲೆ ಎತ್ತಿದೆ. ಬಸಣ್ಣನವರು ನಿಮಗೆ ಹೇಳುತ್ತಿದ್ದರು: ನೀವು ಹೀಗೆ ಕಾರು ನಡೆಸುವುದು, ಅಂಗಡಿಯಲ್ಲಿ ಕೂರುವುದು ಅಣ್ಣನಿಗೆ ಸೇರುತ್ತಿಲ್ಲವಂತೆ, ಅವನು ಇನ್ನು ಹೇಗೆ ಹೇಳಬೇಕಂತೆ. ನೀವು ಅವರ ಮಾತು ಕೇಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಿರಿ.

"ಖರೇ ಹೇಳ್ರಿ ಮಿಸ್ತ್ರಿ. ದೋಷ ಗಾಡ್ಯಾಗ ಐತೋ, ಇಲ್ಲೋ?"

ಬೆರಳಿಗೆ ಎಣ್ಣೆ ಹಾಗೇ ಇತ್ತು.

"ಗಾಡ್ಯಾಗ ಏನೂ ದೋಷ ಇಲ್ರಿ ಅಕ್ಕಾರ."

ಹೆದರಿ ಹಾಗಂದೆ ಎನ್ನಲಾರೆ. ಹೆದರಿಕೆ ಆ ಸೀಳನ್ನು ಮುಟ್ಟಿದಾಗಲೇ ಹೋಗಿತ್ತು. ನನ್ನ ಕೈಯೇ ಗಾಡಿ ಕೆಡಿಸಿತೆಂದು ಊರಿಗೆ ತಿಳಿಯಬಾರದಿತ್ತು, ಅಷ್ಟೇ. ನೀವು ಕೀಲಿಯನ್ನು ಬಸಣ್ಣನವರ ಅಂಗೈಯಲ್ಲಿಟ್ಟಿರಿ. ನಾಳೆ ಫೋನು ಮಾಡಿ ಏನಾದರೊಂದು ನೆಪ ಹೇಳಿ ಪೈಪು ಬದಲಿಸಿಬಿಡೋಣ ಎಂದುಕೊಂಡೆ. ನಾಳೆ, ನಾಡಿದ್ದು — ಅಷ್ಟರಲ್ಲಿ ಕಾರು ಮಾರಿದ್ದರು. ಅಂಗಡಿಯಲ್ಲಿ ಬಸಣ್ಣನವರು ಕೂತರು. ನೀವು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲವೆಂದು ಕೇಳಿದೆ.

ಇಷ್ಟೆಲ್ಲ ಗೊತ್ತಿದ್ದೂ, ಬಸ್ಸಿನಲ್ಲಿ ಆ ಏರು ಹತ್ತುವಾಗ ನನಗೆ ಈಗಲೂ ಆ ಉಸಿರು ಕೇಳುತ್ತದೆ. ಕಿವಿಯ ಹಿಂದೆಯೇ. ನಾನು ತಿರುಗಿ ನೋಡುವುದಿಲ್ಲ.

ಮೊನ್ನೆ ಕರ್ಜಗಿಯ ಮದುವೆಯಲ್ಲಿ ಊಟದ ಸಾಲಿನಲ್ಲಿ ನೀವು ಪಕ್ಕಕ್ಕೇ ಕೂತಿರಿ. ಪ್ರತಿ ವರ್ಷ ಯಜಮಾನರ ಹೆಸರಿನಲ್ಲಿ ಶಾಂತಿ ಮಾಡಿಸುತ್ತೀರಂತೆ. "ಇನ್ನೂ ಅವರ ಸಿಟ್ಟು ಇಳಿದಿಲ್ರಿ," ಎಂದಿರಿ. "ನಾ ಏನ್ ತಪ್ಪು ಮಾಡೇನಂತ ತಿಳೀವಲ್ದು." ನಾನು ಅರ್ಧ ಊಟದಲ್ಲೇ ಎದ್ದುಬಿಟ್ಟೆ.

ನಿಮ್ಮ ಕೈಯಿಂದ ಕಾರು ಹೋಯಿತು, ಅಂಗಡಿ ಹೋಯಿತು ಎಂದಷ್ಟೇ ನಾನು ತಿಳಿದಿದ್ದೆ. ಅವರನ್ನೂ ನಿಮ್ಮಿಂದ ಕಸಿದಿದ್ದೇನೆಂದು ಆ ದಿನ ಗೊತ್ತಾಯಿತು. ನಿಮಗೆ ಕಾರು ಕಲಿಸಿದವರೇ ಅವರು. ಒಮ್ಮೆ ನನ್ನ ಗ್ಯಾರೇಜಿನಲ್ಲಿ ಕೂತು, ಉಸಿರು ಸಾಲದಿದ್ದರೂ ನಗುತ್ತ, "ನನಗಿಂತ ಛಲೋ ಹೊಡೀತಾಳೋ ಆಕಿ" ಎಂದಿದ್ದರು. ಅಂಥವರನ್ನು ನಿಮ್ಮ ಮೇಲೆ ಮುನಿದ ಪ್ರೇತ ಮಾಡಿದವನು ನಾನು.

ಬರುವ ಸೋಮವಾರ ಹಾವೇರಿಗೆ, ನಿಮ್ಮ ಮನೆಗೆ ಬರುತ್ತೇನೆ. ಬಸಣ್ಣನವರನ್ನೂ ಕರೆಸಿ. ಇಲ್ಲಿ ಬರೆದದ್ದನ್ನು ಅವರೆದುರು ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮ ಯಜಮಾನರಿಗೆ ನಿಮ್ಮ ಮೇಲೆ ಯಾವ ಸಿಟ್ಟೂ ಇರಲಿಲ್ಲ — ಇದೊಂದನ್ನು ನೀವು ನಂಬುವವರೆಗೂ ನಿಮ್ಮ ಬಾಗಿಲಲ್ಲಿ ನಿಂತಿರುತ್ತೇನೆ.